ಬಸವನ ಆಣೆ ಮತ್ತೆ ಬರಬಹುದೇ?

ಪ್ರಶ್ನೆ: ನಾನು ಶಿರಸಿ ಕಡೆಯವನು, ನಿವೃತ್ತ ಶಾಲಾ ಮಾಸ್ತರ, ವಯಸ್ಸು ಎಪ್ಪತ್ತು ದಾಟಿದೆ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅಟ್ಟದ ಟ್ರಂಕು ಜಾಲಾಡಿ, ನನ್ನ ತಾಯಿ ಕಟ್ಟಿಟ್ಟಿದ್ದ ಚಿಲ್ಲರೆಯ ಗಂಟು ತಂದಳು. ಬಸವನ ಚಿತ್ರದ 1950ರ ಒಂದಾಣೆ, ಓಡುವ ಕುದುರೆಯ ಕಾಲಾಣೆ, ಆರು ಮೂಲೆಯ ಮೂರು ಪೈಸೆ, ಕಮಲದ ಹಳದಿ ಇಪ್ಪತ್ತು ಪೈಸೆ, ಅಲೆಯಂಚಿನ ಹತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ. ಒಂದೊಂದಕ್ಕೂ ಒಂದೊಂದು ಮುಖ. ಈಗಿನವು ನೋಡಿ, ಎಲ್ಲವೂ ಒಂದೇ ಅಚ್ಚಿನ ಇಡ್ಲಿಗಳು. ಕಳೆದ ತಿಂಗಳು ಬಸ್ಸಿನಲ್ಲಿ ಒಂದು ರೂಪಾಯಿ ಎಂದುಕೊಂಡು ಎರಡು ರೂಪಾಯಿ ಕೊಟ್ಟು ಬಂದೆ. ಹಳೆಯ ವಿನ್ಯಾಸಗಳನ್ನೇ ಸರಕಾರ ಮರಳಿ ತರಬಾರದೇಕೆ? ಹಾಗೆ ತಂದರೆ ಗಂಟಿನಲ್ಲಿರುವ ನಾಣ್ಯಗಳೂ ಚಲಾವಣೆಗೆ ಬರುತ್ತವೆ ಎಂದು ನೆರೆಮನೆಯವರು ಹೇಳುತ್ತಾರೆ. ಲೋಹಕ್ಕೆ ಬೆಲೆ ಬಂದದ್ದರಿಂದ ರಿಸರ್ವ್ ಬ್ಯಾಂಕ್ ಅವನ್ನೆಲ್ಲ ಗುಟ್ಟಾಗಿ ಕರಗಿಸಿತು ಎಂದು ಇನ್ನೊಬ್ಬರ ವಾದ. ಇದರಲ್ಲಿ ಎಷ್ಟು ನಿಜ?

ಉತ್ತರ: ನಿಮ್ಮ ಗಂಟಿನ ಆರು ನಾಣ್ಯಗಳಲ್ಲಿ ಐದು ನನ್ನ ಡಬ್ಬಿಯಲ್ಲೂ ಇವೆ. ಕುದುರೆಯ ಕಾಲಾಣೆ ಮಾತ್ರ ಸವೆದು ಕುದುರೆಯೋ ಕತ್ತೆಯೋ ತಿಳಿಯದಂತಾಗಿದೆ. ನಾನು ಟಂಕಸಾಲೆಯವನಲ್ಲ. ಬ್ಯಾಂಕಿನಲ್ಲಿ ನೋಟು, ನಾಣ್ಯ ದಾಸ್ತಾನಿಡುವ ಕರೆನ್ಸಿ ಚೆಸ್ಟ್‌ನಲ್ಲಿ ಇಪ್ಪತ್ತೆರಡು ವರ್ಷ ನಾಣ್ಯದ ಚೀಲ ಇಳಿಸಿ, ಏರಿಸಿ, ತೂಗಿ, ಗಿರಾಕಿಗಳ ಬೈಗುಳ ಕೇಳಿ ನಿವೃತ್ತನಾದವನು. ಸಂಗ್ರಹ ಎಂಬುದು ಆ ಕೆಲಸದ ಜೊತೆಗೆ ಅಂಟಿಕೊಂಡ ಚಟ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸಂಗ್ರಹಕಾರನ ಕಣ್ಣಿನಿಂದ ಓದಿದಾಗ ಒಂದು ಉತ್ತರ ಹೊಳೆಯಿತು, ಚೀಲ ಹೊತ್ತವನ ಬೆನ್ನಿನಿಂದ ಓದಿದಾಗ ಇನ್ನೊಂದು.

ಎರಡು ದುಃಖಗಳನ್ನು ನೀವು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ನಾಣ್ಯಗಳು ಚೆಂದ ಕಳೆದುಕೊಂಡವು ಎಂಬುದು ಒಂದು. ಗುರುತು ಸಿಗದಂತಾದವು ಎಂಬುದು ಇನ್ನೊಂದು. ಬಸ್ಸಿನಲ್ಲಿ ನಿಮಗೆ ಒಂದು ರೂಪಾಯಿ ನಷ್ಟವಾದದ್ದು ಎರಡನೆಯದರಿಂದ. ಬಸವನ ಚಿತ್ರ ಮರಳಿ ಬಂದಿದ್ದರೂ ಆ ರೂಪಾಯಿ ಉಳಿಯುತ್ತಿರಲಿಲ್ಲ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೆರೆಮನೆಯವರ ಲೆಕ್ಕ ತೀರಿಸೋಣ.

ವಿನ್ಯಾಸ ಮರಳಿದರೆ ಹಳೆಯ ನಾಣ್ಯಕ್ಕೆ ಮರುಜೀವ ಬರುತ್ತದೆ ಎಂಬುದು ಸುಳ್ಳು. ಚಲಾವಣೆಯ ಹಕ್ಕು ಆಯಾ ನಾಣ್ಯಕ್ಕೆ ಕಾನೂನು ಕೊಟ್ಟದ್ದು, ಅದರ ಮೇಲಿನ ಚಿತ್ರಕ್ಕೆ ಕೊಟ್ಟದ್ದಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯಗಳನ್ನು 2011ರ ಜೂನ್ 30ರಿಂದ ಚಲಾವಣೆಯಿಂದ ಹಿಂದಕ್ಕೆ ಪಡೆಯಲಾಯಿತು. ನಾಳೆ ಘೇಂಡಾಮೃಗದ ಹೊಸ ಐದು ರೂಪಾಯಿ ಬಂದರೂ ನಿಮ್ಮ ನಾಲ್ಕಾಣೆ ನೆನಪಾಗಿಯೇ ಉಳಿಯುತ್ತದೆ. ಎಂಟಾಣೆ ಮಾತ್ರ ಇಂದಿಗೂ ಕಾನೂನುಬದ್ಧ ನಾಣ್ಯ. ಅಂಗಡಿಯವನು ತೆಗೆದುಕೊಳ್ಳುವುದಿಲ್ಲ ಎಂಬುದು ಅವನ ಕಾನೂನು.

ರಿಸರ್ವ್ ಬ್ಯಾಂಕ್ ಮೇಲಿನ ಆರೋಪವೂ ದಾರಿ ತಪ್ಪಿದೆ. ನಾಣ್ಯದ ವಿನ್ಯಾಸ, ಲೋಹ, ಅಳತೆ ಎಲ್ಲವನ್ನೂ ನಿರ್ಧರಿಸುವುದು ಕೇಂದ್ರ ಸರಕಾರ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೊಯಿಡಾ ಟಂಕಸಾಲೆಗಳಲ್ಲಿ ಅವು ತಯಾರಾಗುತ್ತವೆ. ರಿಸರ್ವ್ ಬ್ಯಾಂಕ್ ಹಂಚುತ್ತದೆ, ಅಷ್ಟೇ. ಬೈಯುವುದಾದರೆ ಸರಿಯಾದ ವಿಳಾಸಕ್ಕೆ ಬೈಯಬೇಕಲ್ಲವೇ! ಇನ್ನು ಲೋಹದ ಮಾತಿನಲ್ಲಿ ಅರ್ಧ ಸತ್ಯವಿದೆ. ಅರವತ್ತರ ದಶಕದಲ್ಲಿ ಲೋಹದ ಬೆಲೆ ಏರಿದಾಗ ಕಂಚು, ತಾಮ್ರ-ನಿಕ್ಕಲ್ ಬಿಟ್ಟು ಅಲ್ಯೂಮಿನಿಯಂಗೆ ಇಳಿದರು. ನಿಮ್ಮ ಆರು ಮೂಲೆಯ ಮೂರು ಪೈಸೆ ಆ ಬದಲಾವಣೆಯ ಮೊದಲ ಕೂಸು. 1988ರಲ್ಲಿ ಹತ್ತು ಪೈಸೆ, ನಾಲ್ಕಾಣೆ, ಎಂಟಾಣೆಗಳು ಉಕ್ಕಿಗೆ ತಿರುಗಿದವು, 1992ರಲ್ಲಿ ರೂಪಾಯಿ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ನಾಣ್ಯ ಕರಗಿಸಿದ ಕಳ್ಳರು ಬೇರೆಯೇ ಇದ್ದರು. ನಮ್ಮ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಗಡ್ಡ ಹೆರೆಯುವ ಬ್ಲೇಡುಗಳಾಗುತ್ತಿವೆ ಎಂದು 2007ರಲ್ಲಿ ಪತ್ರಿಕೆಗಳು ಬರೆದವು. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಕರಗಿಸುವುದಕ್ಕೆ ಏಳು ವರ್ಷದವರೆಗೂ ಸೆರೆವಾಸವಿದೆ.

ರೂಪಾಯಿ ಹೇಗೆ ಬಡವಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಬೇರು ಇರುವುದು ಅಲ್ಲೇ. 1950ರ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಮಾಲೆ ಬಂತು. ರಾಜನ ತಲೆ ಹೋಗಿ ಅಶೋಕಸ್ತಂಭದ ಸಿಂಹಗಳು ಬಂದವು, ರೂಪಾಯಿಯ ಹಿಂಬದಿಯ ಹುಲಿ ಹೋಗಿ ಗೋಧಿಯ ತೆನೆ ಬಂತು. ಆ ರೂಪಾಯಿ ನಿಕ್ಕಲ್‌ನದು, 28 ಮಿಲಿಮೀಟರ್ ಅಗಲ, 11.66 ಗ್ರಾಂ ತೂಕ. ಆ ತೂಕವೂ ಹೊಸದಲ್ಲ, ಹಳೆಯ ಬೆಳ್ಳಿ ರೂಪಾಯಿಯದು, ಒಂದು ತೊಲ. 1975ರಲ್ಲಿ ಅದು 8 ಗ್ರಾಂಗೆ ಇಳಿಯಿತು. 1983ರಲ್ಲಿ 6 ಗ್ರಾಂ. 1992ರಲ್ಲಿ ಉಕ್ಕಾಗಿ 4.85. 2011ರಲ್ಲಿ 3.79. ಈಗ 3.09 ಗ್ರಾಂ, ಅಗಲ 20 ಮಿಲಿಮೀಟರ್. ಹಳೆಯ ರೂಪಾಯಿಯ ಮೇಲೆ ಈಗಿನದನ್ನು ಇಟ್ಟು ನೋಡಿ. ಚಿತ್ರಕ್ಕೆ ಸಿಗುವ ಜಾಗ ಸುಮಾರು ಅರ್ಧಕ್ಕೆ ಇಳಿದಿದೆ.

ಇದನ್ನು ಯಾರದೋ ಜಿಪುಣತನ ಎನ್ನಲಾರೆ. 2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಬಂದ ಉತ್ತರದಂತೆ ಒಂದು ರೂಪಾಯಿ ನಾಣ್ಯ ತಯಾರಿಸಲು ಒಂದು ರೂಪಾಯಿ ಹನ್ನೊಂದು ಪೈಸೆ ಬೀಳುತ್ತಿತ್ತು. ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತೇವೆ. ಇಲ್ಲಿ ಕಾಸಿಗಿಂತ ಕಜ್ಜಾಯವೇ ತುಟ್ಟಿ.

ಜಾಗ ಕಡಿಮೆಯಾದದ್ದಲ್ಲದೆ ಲೋಹವೂ ಗಡುಸಾಯಿತು. ಈಗಿನ ಒಂದು, ಎರಡು ರೂಪಾಯಿಗಳು 83 ಭಾಗ ಕಬ್ಬಿಣ, 17 ಭಾಗ ಕ್ರೋಮಿಯಂ ಬೆರೆತ ಉಕ್ಕು. ಮೆದು ಲೋಹದ ಬಿಲ್ಲೆಯ ಮೇಲೆ ಬಸವನ ಹಿಣಿಲು ಎದ್ದು ನಿಲ್ಲುವಂತೆ ಒತ್ತಬಹುದು. ಉಕ್ಕಿನ ಮೇಲೆ ಅಷ್ಟೇ ಉಬ್ಬು ಬೇಕೆಂದರೆ ಅಚ್ಚುಗಳು ಬೇಗ ಬಿರಿಯುತ್ತವೆ, ಆದ್ದರಿಂದ ಉಬ್ಬು ತಗ್ಗಿಸಿ ಗೆರೆಯ ಚಿತ್ರಕ್ಕೆ ಇಳಿಯುತ್ತಾರೆ. ಇಡ್ಲಿ ಎಂದಿರಲ್ಲ, ಅದು ಚಿತ್ರಕಾರನ ಬಡತನಕ್ಕಿಂತ ಉಕ್ಕಿನ ಹಟ.

ಉಬ್ಬಿನ ಆಸೆಗೆ ಬಿದ್ದು ಬೆರಳು ಸುಟ್ಟುಕೊಂಡವರು ಅಮೆರಿಕದಲ್ಲೂ ಇದ್ದಾರೆ. 1907ರಲ್ಲಿ ಶಿಲ್ಪಿ ಅಗಸ್ಟಸ್ ಸೇಂಟ್-ಗೌಡೆನ್ಸ್ ರೂಪಿಸಿದ ಇಪ್ಪತ್ತು ಡಾಲರ್ ಚಿನ್ನದ ನಾಣ್ಯವನ್ನು ಇಂದಿಗೂ ಜಗತ್ತಿನ ಸುಂದರ ನಾಣ್ಯಗಳಲ್ಲಿ ಎಣಿಸುತ್ತಾರೆ. ಆದರೆ ಅವನು ಬಯಸಿದ ಉಬ್ಬು ಮೂಡಲು ಒಂದೇ ಬಿಲ್ಲೆಯನ್ನು ಹಲವು ಬಾರಿ ಒತ್ತಬೇಕಿತ್ತು. ಒಂದರ ಮೇಲೊಂದು ಪೇರಿಸಿದರೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕೊನೆಗೆ ತಟ್ಟಿ ಚಪ್ಪಟೆ ಮಾಡಿಯೇ ಚಲಾವಣೆಗೆ ಬಿಟ್ಟರು. 1913ರ ಕಾಡೆಮ್ಮೆಯ ಐದು ಸೆಂಟ್ ನಾಣ್ಯದಲ್ಲಿ ಎಮ್ಮೆ ನಿಂತ ದಿಬ್ಬದ ಮೇಲೆ ಕೆತ್ತಿದ ಬೆಲೆಯೇ ಸವೆಯುತ್ತದೆ ಎಂದು ಆ ವರ್ಷವೇ ತಿದ್ದಬೇಕಾಯಿತು. ಇಸವಿಯನ್ನು ತಿದ್ದಲಿಲ್ಲ, ಹಾಗಾಗಿ ಅದು ಸವೆದು ಕಾಣೆಯಾದ ನಾಣ್ಯಗಳು ಸಂತೆಗಟ್ಟಲೆ ಸಿಗುತ್ತವೆ. ನನ್ನ ಕುದುರೆಗೆ ಆದದ್ದೂ ಅದೇ ಗತಿ.

ಈಗ ಒಂದು ಸಂಗತಿ ಹೇಳಿದರೆ ನಿಮಗೆ ಅಚ್ಚರಿಯಾದೀತು. ನೀವು ಕೇಳುತ್ತಿರುವುದರಲ್ಲಿ ಅರ್ಧ ಆಗಲೇ ನಡೆದುಹೋಗಿದೆ. 1950ರಲ್ಲಿ ರೂಪಾಯಿಗೆ ಬಂದ ತೆನೆ 2004ರ ಹೊತ್ತಿನವರೆಗೂ, ಲೋಹ ಬದಲಾದರೂ ಗಾತ್ರ ಕುಗ್ಗಿದರೂ, ಅಲ್ಲಿಯೇ ಇತ್ತು. ಆಮೇಲೆ ಬಂದದ್ದು ಅಡ್ಡ-ಉದ್ದ ಗೆರೆಗಳ ಚಿತ್ರ. ‘ವಿವಿಧತೆಯಲ್ಲಿ ಏಕತೆ’ ಅದರ ಆಶಯ, ಜನರಿಗೆ ಕಂಡದ್ದು ಶಿಲುಬೆ; ಗಲಾಟೆಯಾಯಿತು. 2007ರಲ್ಲಿ ನೃತ್ಯಮುದ್ರೆಗಳು ಬಂದವು. ಒಂದಕ್ಕೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಅಕ್ಷರ ಬಾರದವರೂ ಓದಬಹುದಾದ ಜಾಣ ಉಪಾಯ ಅದು ಎಂದು ನನಗೆ ಈಗಲೂ ಅನಿಸುತ್ತದೆ, ಕೌಂಟರಿನಲ್ಲಿ ಎಲ್ಲರೂ ನಕ್ಕದ್ದು ಬೇರೆ ಮಾತು. 2011ರಲ್ಲಿ ರೂಪಾಯಿ ಚಿಹ್ನೆಯ ಮಾಲೆ. 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಒಂದರಿಂದ ಇಪ್ಪತ್ತು ರೂಪಾಯಿವರೆಗಿನ ಮಾಲೆಯಲ್ಲಿ ಮತ್ತೆ ಧಾನ್ಯದ ತೆನೆ! ಹದಿನೈದು ವರ್ಷ ವನವಾಸ ಮುಗಿಸಿ ಬಂದ ತೆನೆಯನ್ನು ನೀವೂ ಗಮನಿಸಲಿಲ್ಲ, ನಾನು ಚೀಲ ಬಿಚ್ಚಿದ ದಿನ ನಮ್ಮ ಶಾಖೆಯಲ್ಲಿ ಒಬ್ಬರೂ ಗಮನಿಸಲಿಲ್ಲ. ಚಿತ್ರ ಮರಳಿದ ಮಾತ್ರಕ್ಕೆ ನಾಣ್ಯ ಕಣ್ಣಿಗೆ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಮ್ಮ ಬಸವನೂ ಕುದುರೆಯೂ ಹೋಗಿಯೇ ಇಲ್ಲ. ಮೊಮ್ಮಗಳ ಕೈಗೆ ಭೂತಗನ್ನಡಿ ಕೊಟ್ಟು ಈಗಿನ ಯಾವುದಾದರೂ ನಾಣ್ಯದ ಸಿಂಹಗಳ ಕಾಲಡಿಯ ಪೀಠ ತೋರಿಸಿ. ನಡುವೆ ಚಕ್ರ, ಅದರ ಒಂದು ಪಕ್ಕ ಓಡುವ ಕುದುರೆ, ಇನ್ನೊಂದು ಪಕ್ಕ ಬಸವ. ನಮ್ಮ ರಾಷ್ಟ್ರಲಾಂಛನದಲ್ಲೇ ಇರುವ ಪ್ರಾಣಿಗಳು ಅವು. 1950ರಲ್ಲಿ ಅವಕ್ಕೆ ಸ್ವಂತ ಮನೆ ಇತ್ತು, ಈಗ ಸಿಂಹಗಳ ಮನೆಯಲ್ಲಿ ಬಾಡಿಗೆಗೆ ಇವೆ.

ಇನ್ನು ಬಸ್ಸಿನಲ್ಲಿ ಕಳೆದ ರೂಪಾಯಿ. 1992ರಿಂದ ಸುಮಾರು 2010ರವರೆಗೆ ಬಂದ ಉಕ್ಕಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ. 2011ರ ಮಾಲೆಯ ಎರಡು ರೂಪಾಯಿ ಎಷ್ಟು ಗೊತ್ತೇ? 25 ಮಿಲಿಮೀಟರ್, 4.85 ಗ್ರಾಂ. ಅದೇ ಉಕ್ಕು, ಅದೇ ದುಂಡು. ಎರಡೂ ಇಂದು ಒಟ್ಟಿಗೆ ಓಡಾಡುತ್ತಿವೆ. ಆ ವರ್ಷದ ಒಂದು ರೂಪಾಯಿ 22 ಮಿಲಿಮೀಟರ್, ಹಳೆಯ ಉಕ್ಕಿನ ಎಂಟಾಣೆಯಷ್ಟೇ ಅಗಲ. 2019ರ ಎರಡು ರೂಪಾಯಿ 23 ಮಿಲಿಮೀಟರ್, ಅಂದರೆ 2011ರ ಒಂದು ರೂಪಾಯಿಗಿಂತ ಒಂದೇ ಒಂದು ಮಿಲಿಮೀಟರ್ ದೊಡ್ಡದು. ನಿಮ್ಮ ಕಣ್ಣನ್ನು ದೂರಬೇಡಿ ಮಾಸ್ತರೇ. ನಮ್ಮ ಚೆಸ್ಟ್‌ನಲ್ಲಿ ಚೀಲ ತೂಗಿ ಎಣಿಕೆ ತಾಳೆ ನೋಡುತ್ತಿದ್ದ ಹುಡುಗರೇ ಹಳೆಯ ಒಂದು ಮತ್ತು ಹೊಸ ಎರಡು ಬೆರೆತ ಚೀಲದ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದರು, ತಕ್ಕಡಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಕಣ್ಣು ಕಾಣದವರೊಬ್ಬರು ಪೆಟ್ಟಿಗೆ ಅಂಗಡಿ ಇಟ್ಟಿದ್ದರು. ಅವರು ಹನ್ನೊಂದು ಮೂಲೆಯ ಎರಡು ರೂಪಾಯಿಯನ್ನು ಅಂಚು ಸವರಿ ಕ್ಷಣದಲ್ಲಿ ಹೇಳುತ್ತಿದ್ದರು. ಅದು ದುಂಡಗಾದ ಮೇಲೆ ಗಿರಾಕಿಯನ್ನೇ ಕೇಳತೊಡಗಿದರು. ಕೇಳಬೇಕಾಗಿ ಬಂದದ್ದು ಅವರಿಗೆ ಎಷ್ಟು ನೋವಾಗುತ್ತಿತ್ತು ಎಂಬುದನ್ನು ನಾನು ನೋಡಿದ್ದೇನೆ.

ಆಣೆಯ ಕಾಲದವರಿಗೆ ಈ ಗೊಂದಲ ಇರಲಿಲ್ಲ. ಅರ್ಧಾಣೆ ಮತ್ತು ಎರಡಾಣೆ ಚೌಕ, ಒಂದಾಣೆಗೆ ಅಲೆಯಂಚು, ಪಾವಲಿ ಎಂದರೆ ಕಾಲು ರೂಪಾಯಿ ದುಂಡಗೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗಲೂ ಈ ಜಾಣತನ ಉಳಿಸಿಕೊಂಡರು: ಎರಡು, ಹತ್ತು ನಯಾ ಪೈಸೆಗೆ ಅಲೆಯಂಚು, ಐದಕ್ಕೆ ಚೌಕ. ಜೇಬಿನೊಳಗೆ ಕೈ ಇಟ್ಟೇ ಲೆಕ್ಕ ಹಾಕಬಹುದಿತ್ತು. ನಿಮ್ಮ ಗಂಟಿನ ಒಂದೊಂದಕ್ಕೂ ಒಂದೊಂದು ಮುಖ ಎಂದಿರಿ. ಒಂದೊಂದಕ್ಕೂ ಒಂದೊಂದು ಮೈ ಎನ್ನಬೇಕಿತ್ತು.

ಹಾಗಾದರೆ ಏನು ಮಾಡಬಹುದು? ಚಿತ್ರವನ್ನಷ್ಟೇ ಮರಳಿ ತರುವುದು ಸುಲಭದ ದಾರಿ. ಕೇಂದ್ರ ಸರಕಾರದ ಒಂದು ಅಧಿಸೂಚನೆ, ಹೊಸ ಅಚ್ಚು, ಮುಗಿಯಿತು. ಆದರೆ ನಮ್ಮಲ್ಲಿ ಹೊಸದು ಬಂದರೆ ಹಳೆಯದು ಹೋಗುವುದಿಲ್ಲ. ಉಕ್ಕಿನ ಒಂದು ರೂಪಾಯಿಗೇ ಈಗ ಆರು ಮುಖಗಳಿವೆ, 2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಗುರುತಿನದೂ ಸೇರಿಕೊಂಡಿತಲ್ಲ. ಅಗಲ ಮೂರು ಬಗೆ. ಏಳನೆಯ ಮುಖ ಬಂದರೆ ಏನಾಗುತ್ತದೆ ಎಂಬುದನ್ನು ಹತ್ತು ರೂಪಾಯಿ ನಾಣ್ಯ ಕಲಿಸಿದೆ. ಒಂದರ ಚಿತ್ರದಲ್ಲಿ ಕಿರಣದಂಥ ಹತ್ತು ದಳ, ಇನ್ನೊಂದರಲ್ಲಿ ಹದಿನೈದು ಎಂದು ಯಾರೋ ಎಣಿಸಿದರು, ಹದಿನೈದರದ್ದು ಖೋಟಾ ಎಂಬ ಸುದ್ದಿ ಹಬ್ಬಿತು, ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ತರಕಾರಿಯವರೂ ಆಟೋದವರೂ ಹತ್ತರ ನಾಣ್ಯ ಮುಟ್ಟದಾದರು. ಹದಿನಾಲ್ಕು ವಿನ್ಯಾಸಗಳಿವೆ, ಎಲ್ಲವೂ ಸಾಚಾ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು. ಆ ಪ್ರಕಟಣೆಯ ಪ್ರತಿಯನ್ನು ಕೌಂಟರಿನ ಗಾಜಿಗೆ ಅಂಟಿಸಿದವನು ನಾನೇ. ಅದನ್ನು ಓದಿದ ಮೇಲೂ ಒಬ್ಬರು, “ಹಾಗಾದರೆ ನೀವೇ ಇಟ್ಟುಕೊಳ್ಳಿ” ಎಂದು ನಾಣ್ಯದ ಪೊಟ್ಟಣ ಬಿಟ್ಟು ಹೋದರು.

ಆಕಾರವನ್ನೂ ಮರಳಿ ತರುವುದು ಕಷ್ಟದ ದಾರಿ, ನನಗೆ ಇಷ್ಟದ ದಾರಿಯೂ ಹೌದು. ಮೂಲೆಗಳಿರುವ ನಾಣ್ಯಕ್ಕೆ ಅಚ್ಚಿನ ಸುತ್ತಣ ಕಟ್ಟಿಗೂ ಅದೇ ಮೂಲೆಗಳು ಬೇಕು, ಆ ಮೂಲೆಗಳಲ್ಲಿ ಕಟ್ಟು ಬೇಗ ಸವೆಯುತ್ತದೆ, ಎಣಿಸುವ ಯಂತ್ರಗಳು ಕೆಲವೊಮ್ಮೆ ಮುನಿಸಿಕೊಳ್ಳುತ್ತವೆ. ಅದೆಲ್ಲ ನಿಭಾಯಿಸಲಾಗದ್ದಲ್ಲ ಎಂಬುದಕ್ಕೆ ನಮ್ಮ ಇಪ್ಪತ್ತು ರೂಪಾಯಿಯೇ ಸಾಕ್ಷಿ, ಅದಕ್ಕೆ ಹನ್ನೆರಡು ಮೂಲೆ. ಬ್ರಿಟನ್ನಿನವರು 1969ರಲ್ಲೇ ಏಳು ಮೂಲೆಯ 50 ಪೆನ್ಸ್ ತಂದರು. ಯಾವ ಕಡೆಯಿಂದ ಅಳೆದರೂ ಅಗಲ ಒಂದೇ ಬರುವಂತೆ ಅದರ ಬದಿಗಳನ್ನು ಬಾಗಿಸಿದ್ದರಿಂದ ಯಂತ್ರದಲ್ಲಿ ಅದು ದುಂಡು ನಾಣ್ಯದ ಹಾಗೆಯೇ ಉರುಳುತ್ತದೆ.

ಸಂಗ್ರಹಕಾರರಿಗಾಗಿ ಮಾತ್ರ ಹಳೆಯ ಚಿತ್ರದ ನಾಣ್ಯ ತಯಾರಿಸುವುದು ಮೂರನೆಯ ದಾರಿ. ಅಮೆರಿಕದವರು 1916ರ ಮೂರು ಪ್ರಸಿದ್ಧ ವಿನ್ಯಾಸಗಳನ್ನು ನೂರು ವರ್ಷ ತುಂಬಿದಾಗ ಚಿನ್ನದಲ್ಲಿ ಮತ್ತೆ ಒತ್ತಿದ್ದು ಹೀಗೆಯೇ. ಯಾರಿಗೂ ಗೊಂದಲವಿಲ್ಲ, ಟಂಕಸಾಲೆಗೆ ಲಾಭ. ಆದರೆ ನಿಮ್ಮ ಮೊಮ್ಮಗಳ ಕೈಗೆ ಅಂಗಡಿಯ ಚಿಲ್ಲರೆಯಾಗಿ ಅದು ಎಂದೂ ಬರುವುದಿಲ್ಲ, ಹಾಗಾಗಿ ಇದರ ಬಗ್ಗೆ ಹೆಚ್ಚು ಮಾತು ಬೇಡ.

ಹಳೆಯದು ಜನರ ಕೈಗೇ ಮರಳಿದ ಉದಾಹರಣೆ ಬ್ರಿಟಾನಿಯಾ, ನಮ್ಮ ಭಾರತಮಾತೆಯ ಹಾಗೆ ಬ್ರಿಟನ್ನನ್ನು ಹೆಣ್ಣಾಗಿ ಬಿಡಿಸಿದ ಚಿತ್ರ. 1672ರಿಂದ ಬ್ರಿಟಿಷ್ ನಾಣ್ಯಗಳ ಮೇಲೆ ಕೂತಿದ್ದ ಆಕೆಯನ್ನು 2008ರಲ್ಲಿ 50 ಪೆನ್ಸ್‌ನಿಂದ ಎಬ್ಬಿಸಿದಾಗ ಜನ ರೊಚ್ಚಿಗೆದ್ದರು. 2015ರಲ್ಲಿ ಎರಡು ಪೌಂಡಿನ ಮೇಲೆ ಆಕೆ ಮರಳಿದಳು. ಹಳೆಯ ಅಚ್ಚನ್ನೇ ಹೊರತೆಗೆಯಲಿಲ್ಲ, ಆ ನಾಣ್ಯದ ಅಳತೆಗೆ ಹೊಸದಾಗಿ ಬರೆಸಿದರು. ಅದಕ್ಕಿಂತಲೂ ನನಗೆ ಹೊಟ್ಟೆಕಿಚ್ಚು ತರಿಸುವವರು ಸ್ವಿಟ್ಜರ್ಲೆಂಡಿನವರು. ಅವರ 10 ರಾಪ್ಪನ್ ನಾಣ್ಯದ ಚಿತ್ರ 1879ರಿಂದ ಬದಲಾಗಿಲ್ಲ, ಆ ವರ್ಷದ ನಾಣ್ಯ ಇಂದಿಗೂ ಚಲಾವಣೆಗೆ ಅರ್ಹ. ಹಳೆಯದನ್ನು ಮರಳಿ ತರಬೇಕೇ ಎಂಬ ಚರ್ಚೆ ಅಲ್ಲಿ ಹುಟ್ಟುವುದೇ ಇಲ್ಲ.

ನನ್ನನ್ನು ಕೇಳಿದರೆ ಬಸವನಿಗಿಂತ ಮೊದಲು ಹನ್ನೊಂದು ಮೂಲೆಯ ಎರಡು ರೂಪಾಯಿ ಮರಳಲಿ. ಈಗಿನ ಉಕ್ಕಿನಲ್ಲೇ, ಈಗಿನ ತೆನೆಯ ಚಿತ್ರದಲ್ಲೇ ಬರಲಿ, ಮೂಲೆಗಳು ಮಾತ್ರ ಬೇಕು. ಅದರ ಜೊತೆಗೆ 25 ಮಿಲಿಮೀಟರಿನ ಹಳೆಯ ಒಂದು ರೂಪಾಯಿಯನ್ನು ಬ್ಯಾಂಕುಗಳು ಬಂದ ಹಾಗೆ ಹಿಡಿದಿಟ್ಟು ಸದ್ದಿಲ್ಲದೆ ಹಿಂತಿರುಗಿಸಲಿ. ‘ರದ್ದು’ ಎಂಬ ಪದ ಬಳಸಬಾರದು. ಆ ಪದ ಕಿವಿಗೆ ಬಿದ್ದ ಮರುದಿನವೇ ಹಳ್ಳಿಯ ಅಂಗಡಿಗಳಲ್ಲಿ ಎಲ್ಲ ಒಂದು ರೂಪಾಯಿಗಳೂ ಸತ್ತುಹೋಗುತ್ತವೆ. ಕೂಲಿಯ ಚಿಲ್ಲರೆ ಕೂಡಿಟ್ಟವರಿಗೆ ಆ ಪೆಟ್ಟು ಬೀಳುತ್ತದೆ. ಆಮೇಲೆ ಒಂದು ತಲೆಮಾರು ಯಾರೂ ಅಚ್ಚು ಮುಟ್ಟದಿರಲಿ. ಅಮೆರಿಕದಲ್ಲಿ 1890ರ ಕಾನೂನಿನಂತೆ ಸಂಸತ್ತಿನ ಒಪ್ಪಿಗೆಯಿಲ್ಲದೆ ಇಪ್ಪತ್ತೈದು ವರ್ಷಕ್ಕೆ ಮುಂಚೆ ನಾಣ್ಯದ ವಿನ್ಯಾಸ ಬದಲಿಸುವಂತಿಲ್ಲ. ಅಂಥದ್ದೊಂದು ಲಗಾಮು ನಮಗೂ ಬೇಕು.

ಇಷ್ಟಾದ ಮೇಲೆ ಬಸವ ಬರುವುದಾದರೆ ಐದು ರೂಪಾಯಿಯ ಮೇಲೆ ಬರಲಿ. ಅದು ಹಿತ್ತಾಳೆ ಬಣ್ಣದ ಮೆದು ಲೋಹ, 25 ಮಿಲಿಮೀಟರ್ ಜಾಗವಿದೆ, ಹಿಣಿಲು ಚೆನ್ನಾಗಿ ಮೂಡುತ್ತದೆ. (ಹಳೆಯದು ಎಂದರೆ ಎಷ್ಟು ಹಳೆಯದು ಎಂದು ಕೇಳಬೇಡಿ. ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆಸಿದ ಹೊಯ್ಸಳ ದೊರೆ ವಿಷ್ಣುವರ್ಧನನ ಸಿಂಹದ ಹೊನ್ನು ನನ್ನ ಕಣ್ಣ ಮುಂದೆ ಬರುತ್ತದೆ, ಆಮೇಲೆ ನನ್ನನ್ನು ನಿಲ್ಲಿಸುವವರಿಲ್ಲ.)

ಕೊನೆಯದಾಗಿ ನಿಮ್ಮ ಗಂಟು. ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರಿನಲ್ಲಿ ಹೀಗೆ ವಂಚಿಸುವವರ ಬಗ್ಗೆ 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ. ನೀವು ಪಟ್ಟಿ ಮಾಡಿದ ಆರೂ ರಾಶಿರಾಶಿಯಾಗಿ ತಯಾರಾದವು. ತೀರ ಹೊಸದರಂತೆ ಉಳಿದಿದ್ದರೆ ಮಾತ್ರ ಸಂಗ್ರಹಕಾರರು ತುಸು ಬೆಲೆ ಕೊಟ್ಟಾರು. ಹೊಳಪಿಗೆಂದು ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಬೇಡಿ. ಅಲ್ಯೂಮಿನಿಯಂ ಮೂರು ಪೈಸೆಗೆ ಹುಳಿ ತಾಗಿದರೆ ಮೈಯೆಲ್ಲ ಸಿಡುಬಿನ ಕಲೆ. ಬರೀ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಒಂದೊಂದನ್ನೂ ಕಾಗದದ ಲಕೋಟೆಯಲ್ಲಿ ಇಟ್ಟು ಮೊಮ್ಮಗಳ ಕೈಯಲ್ಲೇ ಹೆಸರು ಬರೆಸಿ. ಮಲೆನಾಡಿನ ಮಳೆಗಾಲಕ್ಕೆ ಅಟ್ಟದ ಟ್ರಂಕಿಗಿಂತ ಕೆಳಗಿನ ಬೀರು ವಾಸಿ. ಕಮಲದ ಇಪ್ಪತ್ತು ಪೈಸೆಯನ್ನು ಲಕ್ಷ್ಮೀಪೂಜೆಗೆ ಬೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊಡುವುದೋ ಬಿಡುವುದೋ ಮೊಮ್ಮಗಳನ್ನು ವಿಚಾರಿಸಿ.